ಬೆಳೆಯ ಹಣವನ್ನು ಭದ್ರವಾಗಿ ಇಡುವ ಕ್ರಮ

(ಹುಲ್ಲಹಳ್ಳಿ ಹೋಬಳಿಯೇ ಮೊದಲಾದ ಕಪಿಲಾ ತೀರದ ಜಮೀನುದಾರರ ಮತ್ತು ಗ್ರಾಮದ ಯಜಮಾನರ ತಿಳಿವಳಿಕೆಗಾಗಿ)

ಪೀಠಿಕೆ

ಭೂಮಿಯನ್ನು ಉತ್ತು ಬೆಳೆ ತೆಗೆಯುವ ವಿಷಯದಲ್ಲಿ ನಮ್ಮ ರೈತರಿಗೆ ಇರುವ ಎಚ್ಚರಿಕೆಯು, ಆ ಬೆಳೆಯಿಂದ ಬಂದ ಹಣವನ್ನು ಇಡುವ ವಿಷಯದಲ್ಲಿ ಕಾಣಬರುವುದಿಲ್ಲ. ಬಿತ್ತನೆಯ ಭತ್ತವನ್ನು ಕೊಳ್ಳುವಾಗ ರೈತನು ಒಂದು ಹಿಡಿಯನ್ನು ಅಂಗೈಯಲ್ಲಿ ಹಾಕಿಕೊಂಡು ಜೊಳ್ಳೆಷ್ಟು ಗಟ್ಟಿಯೆಷ್ಟು ಎಂದು ನೋಡುವನು. ಎತ್ತನ್ನು ಕೊಳ್ಳುವಾಗ ಹಲ್ಲನ್ನೂ ಸುಳಿಯನ್ನೂ ನೋಡದೆ ಬಿಡನು. ಆದರೆ ಅದೇ ರೈತನು ಎರಡು ವರ್ಷದ ಕಬ್ಬಿನ ಹಣವನ್ನು, ಹೆಸರನ್ನು ಮಾತ್ರ ಕೇಳಿದ ಯಾವುದೋ ಕಂಪನಿಗೆ, ಬಂಧುವೊಬ್ಬನ ಮಾತಿನ ಮೇಲೆ ಒಂದೇ ದಿನದಲ್ಲಿ ಕೊಟ್ಟುಬಿಡುವುದುಂಟು.

ಸಂಬಳದಿಂದ ಜೀವಿಸುವವನಿಗೆ ಹಣವು ತಿಂಗಳು ತಿಂಗಳಿಗೆ ಸ್ವಲ್ಪ ಸ್ವಲ್ಪವಾಗಿ ಬರುತ್ತದೆ. ಒಂದು ತಿಂಗಳಿನದು ಹಾಳಾದರೆ ಮುಂದಿನ ತಿಂಗಳಿನದು ಇದ್ದೇ ಇರುತ್ತದೆ. ರೈತನಿಗಾದರೋ ಹಣವು ವರ್ಷಕ್ಕೆ ಒಂದೆರಡು ಸಲ ಇಡುಗಂಟಾಗಿ ಕೈಸೇರುತ್ತದೆ. ಹುಲ್ಲಹಳ್ಳಿಯ ಅಣೆಕಟ್ಟಿನ ನಾಲೆಗಳ ಕೆಳಗೆ ಭತ್ತ, ಕಬ್ಬು, ಬಾಳೆಗಳನ್ನು ಬೆಳೆಯುವವರಿಗೂ, ಮೇಲಣ ಬೆದ್ದಲಿನಲ್ಲಿ ರಾಗಿ ಹತ್ತಿಗಳನ್ನು ಬೆಳೆಯುವವರಿಗೂ, ತಿರುಮಕೂಡಲು ನರಸೀಪುರದ ಕಡೆಯಲ್ಲಿ ರೇಷ್ಮೆಗೂಡನ್ನು ತೆಗೆಯುವವರಿಗೂ ಈ ಮಾತು ಸಮಾನವಾಗಿ ಅನ್ವಯಿಸುತ್ತದೆ. ನಂಜನಗೂಡಿನ ಸುತ್ತಣ ತಾಂಡ್ಯ, ಹಿಮ್ಮಾವು ಮುಂತಾದ ಕೈಗಾರಿಕಾ ಪ್ರದೇಶಗಳಿಗಾಗಿ ಜಮೀನನ್ನು ಬಿಟ್ಟುಕೊಟ್ಟ ಸಂಸಾರಗಳಿಗೆ ಬಂದ ಪರಿಹಾರದ ಹಣವಂತೂ ಜೀವಮಾನದಲ್ಲಿ ಒಂದೇ ಸಲ ಬರತಕ್ಕದ್ದು. ಅದು ಹೋದರೆ ಭೂಮಿಯೂ ಇಲ್ಲ, ಹಣವೂ ಇಲ್ಲ. ಹೀಗಿರುವುದರಿಂದ ಹಣವನ್ನು ಇಡುವ ವಿದ್ಯೆಯು ವ್ಯವಸಾಯದ ವಿದ್ಯೆಯ ಒಂದು ಭಾಗವೆಂದೇ ತಿಳಿಯಬೇಕು.

ಈ ಪತ್ರಿಕೆಯಲ್ಲಿ ಹೇಳತಕ್ಕ ಮುಖ್ಯ ಸೂತ್ರವು ಒಂದೇ: "ಬಡ್ಡಿ ಎಷ್ಟು?" ಎಂದು ಕೇಳುವುದಕ್ಕೆ ಮೊದಲು "ಹಣ ಮುಳುಗಿದರೆ ಹೊಣೆ ಯಾರು?" ಎಂದು ಕೇಳಬೇಕು. ಉಳಿದ ವಿವರಗಳೆಲ್ಲವೂ ಈ ಸೂತ್ರದ ವಿಸ್ತಾರವೇ ಆಗಿವೆ.

1. ಹಿಂದಿನವರು ಕಂಡುಕೊಂಡ ಮಾರ್ಗಗಳು

ನಮ್ಮ ಹಿರಿಯರು ರಾಗಿಯನ್ನು ಹಗೇವಿನಲ್ಲಿ ತುಂಬಿ ಬಾಯಿಯನ್ನು ಭದ್ರವಾಗಿ ಮುಚ್ಚಿ ಕ್ಷಾಮಕಾಲಕ್ಕೆ ಕಾದಿಡುತ್ತಿದ್ದರು. ಹಣಕ್ಕೂ ಇಂಥ ಭದ್ರವಾದ ಹಗೇವು ಬೇಕೆಂಬ ಉದ್ದೇಶದಿಂದ ಅಂಚೆ ಕಚೇರಿಯ ಉಳಿತಾಯ ಬ್ಯಾಂಕು 1882 ರಲ್ಲಿ ಭಾರತದಲ್ಲಿ ಆರಂಭವಾಯಿತು. 1904 ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯಿದೆ ಬಂದಿತು. ಮರುವರ್ಷವೇ ಮೈಸೂರು ಸಂಸ್ಥಾನದಲ್ಲಿ ಸಹಕಾರ ಸಂಘಗಳ ರೆಗ್ಯುಲೇಷನ್ ಜಾರಿಯಾಯಿತು. ಅದೇ 1905 ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘವನ್ನು ಸ್ಥಾಪಿಸಿದರು. ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1913 ರಲ್ಲಿ, ಮೈಸೂರು ಬ್ಯಾಂಕು ಹುಟ್ಟಿತು. ಆ ಬ್ಯಾಂಕು 2017 ರ ಏಪ್ರಿಲ್ 1 ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು.

ಆದರೆ ಬ್ಯಾಂಕೆಂಬ ಹೆಸರಿದ್ದ ಮಾತ್ರಕ್ಕೆ ಹಣವು ಭದ್ರವೆಂದು ಹೇಳಲಾಗದೆಂಬುದನ್ನು ದಕ್ಷಿಣದೇಶದ ಜನರು ನಷ್ಟಪಟ್ಟು ಕಲಿತರು. 1938 ರಲ್ಲಿ ತಿರುವಾಂಕೂರ್ ನ್ಯಾಷನಲ್ ಮತ್ತು ಕ್ವಿಲನ್ ಬ್ಯಾಂಕು ಮುರಿದುಬಿದ್ದಿತು. 1960 ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕು ಮುಚ್ಚಿಹೋಯಿತು. ಈ ಎರಡನೆಯ ಪತನದ ತರುವಾಯ ಭಾರತ ಸರ್ಕಾರವು ಠೇವಣಿ ವಿಮೆಯ ಕಾನೂನನ್ನು ಮಾಡಿತು. 1962 ರ ಜನವರಿ 1 ರಿಂದ ಠೇವಣಿದಾರನೊಬ್ಬನಿಗೆ 1,500 ರೂಪಾಯಿಯವರೆಗೆ ವಿಮೆ ದೊರೆಯಿತು. ಈ ಮಿತಿಯು ಕ್ರಮೇಣ ಏರಿ 1993 ರಲ್ಲಿ 1 ಲಕ್ಷವಾಗಿ, 2020 ರ ಫೆಬ್ರವರಿ 4 ರಿಂದ 5 ಲಕ್ಷ ರೂಪಾಯಿಯಾಯಿತು.

2. ಯಾವ ಹಣಕ್ಕೆ ಯಾರು ಹೊಣೆ?

(ಅ) ಅಂಚೆ ಕಚೇರಿ. ಇಲ್ಲಿ ಇಟ್ಟ ಉಳಿತಾಯದ ಹಣಕ್ಕೆ ಕೇಂದ್ರ ಸರ್ಕಾರವೇ ಹೊಣೆಯಾಗಿರುತ್ತದೆ. ರೈತರಿಗೆ ಹೆಚ್ಚಾಗಿ ಉಪಯೋಗಕ್ಕೆ ಬರತಕ್ಕವು ಕಿಸಾನ್ ವಿಕಾಸ ಪತ್ರ, ರಾಷ್ಟ್ರೀಯ ಉಳಿತಾಯ ಪತ್ರ, 60 ವರ್ಷ ದಾಟಿದವರಿಗೆ ಹಿರಿಯ ನಾಗರಿಕರ ಉಳಿತಾಯ ಯೋಜನೆ, 10 ವರ್ಷದೊಳಗಿನ ಹೆಣ್ಣುಮಕ್ಕಳ ಹೆಸರಿನಲ್ಲಿ ತೆರೆಯುವ ಸುಕನ್ಯಾ ಸಮೃದ್ಧಿ ಖಾತೆ. ಕಿಸಾನ್ ವಿಕಾಸ ಪತ್ರವು 1988 ರಲ್ಲಿ ಆರಂಭವಾಗಿ 2011 ರಲ್ಲಿ ನಿಂತು 2014 ರಲ್ಲಿ ಪುನಃ ಬಂದಿತು. 2023 ರ ಏಪ್ರಿಲ್‌ನಲ್ಲಿ ಗೊತ್ತುಮಾಡಿದ ದರದಂತೆ ಅದರಲ್ಲಿಟ್ಟ ಹಣವು 115 ತಿಂಗಳಿಗೆ ಇಮ್ಮಡಿಯಾಗುತ್ತದೆ. ಈ ದರಗಳನ್ನು ಸರ್ಕಾರವು ಮೂರು ತಿಂಗಳಿಗೊಮ್ಮೆ ಪರಿಶೀಲಿಸುವುದರಿಂದ, ಹಣ ಕಟ್ಟುವ ದಿನದ ದರವನ್ನು ಕಚೇರಿಯಲ್ಲಿ ವಿಚಾರಿಸಿಕೊಳ್ಳತಕ್ಕದ್ದು.

(ಆ) ಬ್ಯಾಂಕು. ರಾಷ್ಟ್ರೀಕೃತ ಬ್ಯಾಂಕು, ಖಾಸಗಿ ಬ್ಯಾಂಕು, ಗ್ರಾಮೀಣ ಬ್ಯಾಂಕು, ಪಟ್ಟಣ ಸಹಕಾರ ಬ್ಯಾಂಕು, ಜಿಲ್ಲಾ ಸಹಕಾರ ಕೇಂದ್ರ ಬ್ಯಾಂಕುಗಳಲ್ಲಿನ ಠೇವಣಿಗೆ ಮೇಲೆ ಹೇಳಿದ 5 ಲಕ್ಷದ ವಿಮೆಯುಂಟು. ಈ ಮಿತಿಯು ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ಅಸಲೂ ಬಡ್ಡಿಯೂ ಸೇರಿ ಲೆಕ್ಕಕ್ಕೆ ಬರುತ್ತದೆ. ಒಂದೇ ಬ್ಯಾಂಕಿನ ಹುಲ್ಲಹಳ್ಳಿ ಶಾಖೆಯಲ್ಲಿ ಸ್ವಲ್ಪ, ನಂಜನಗೂಡು ಶಾಖೆಯಲ್ಲಿ ಸ್ವಲ್ಪ ಇಟ್ಟರೆ ಎರಡನ್ನೂ ಕೂಡಿಸಿಯೇ ಎಣಿಸುವರು. ಉದಾಹರಣೆಗೆ, ಪರಿಹಾರವಾಗಿ 12 ಲಕ್ಷ ಪಡೆದ ಒಬ್ಬನು ಅದನ್ನೆಲ್ಲಾ ಒಂದೇ ಬ್ಯಾಂಕಿನಲ್ಲಿಟ್ಟರೆ 5 ಲಕ್ಷಕ್ಕೆ ಮಾತ್ರ ವಿಮೆಯಿರುವುದು. ತಲಾ 4 ಲಕ್ಷದಂತೆ ಮೂರು ಬೇರೆ ಬೇರೆ ಬ್ಯಾಂಕುಗಳಲ್ಲಿಟ್ಟರೆ ಅಸಲೆಲ್ಲವೂ, ಅದರ ಮೇಲಣ ಒಂದಷ್ಟು ಬಡ್ಡಿಯೂ ವಿಮೆಯೊಳಗೆ ಬರುವುವು. ಇದಕ್ಕಾಗಿ ಠೇವಣಿದಾರನು ಬೇರೆ ಕಂತು ಕಟ್ಟಬೇಕಾದುದಿಲ್ಲ. ಅದನ್ನು ಬ್ಯಾಂಕೇ ಕಟ್ಟುತ್ತದೆ. 2021 ರ ತಿದ್ದುಪಡಿಯಂತೆ, ರಿಜರ್ವ್ ಬ್ಯಾಂಕು ಒಂದು ಬ್ಯಾಂಕಿನ ಮೇಲೆ ಹಣ ಹಿಂತೆಗೆಯುವುದಕ್ಕೆ ನಿರ್ಬಂಧ ಹಾಕಿದಲ್ಲಿ, ವಿಮೆಯ ಹಣವು ಸಾಮಾನ್ಯವಾಗಿ 90 ದಿನದೊಳಗೆ ಠೇವಣಿದಾರನಿಗೆ ಸೇರತಕ್ಕದ್ದು.

(ಇ) ಸಹಕಾರ ಸಂಘ. ಇಲ್ಲಿ ಅನೇಕರು ಎಡವುತ್ತಾರಾದ್ದರಿಂದ ಸಾವಧಾನವಾಗಿ ಓದಬೇಕು. ಸಹಕಾರ "ಬ್ಯಾಂಕು" ಬೇರೆ, ಸಹಕಾರ "ಸಂಘ" ಬೇರೆ. ಗ್ರಾಮದ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ, ಪಟ್ಟಣದ ಪತ್ತಿನ ಸಂಘ, 1997 ರ ಕಾಯಿದೆಯಂತೆ ನಡೆಯುವ ಸೌಹಾರ್ದ ಸಹಕಾರಿಗಳು ಇವುಗಳಲ್ಲಿನ ಠೇವಣಿಗೆ ಮೇಲೆ ಹೇಳಿದ 5 ಲಕ್ಷದ ವಿಮೆ ಇರುವುದಿಲ್ಲ. ಹಾಗೆಂದು ಸಂಘಗಳನ್ನು ತೊರೆಯಬೇಕೆಂದು ಅರ್ಥವಲ್ಲ. ರೈತನಿಗೆ ಅಗ್ಗದ ಸಾಲವನ್ನೂ ಗೊಬ್ಬರವನ್ನೂ ಒದಗಿಸುವ ಸಂಘವು ಉಳಿಯಲೇಬೇಕು. ಆದರೆ ಸಂಘದ ಭದ್ರತೆಯು ಅದರ ಸದಸ್ಯರ ಕಣ್ಣಿನಲ್ಲಿದೆ. ವಾರ್ಷಿಕ ಮಹಾಸಭೆಗೆ ಹೋಗಿ, ಲೆಕ್ಕ ತನಿಖೆಯ ವರದಿಯನ್ನು ಓದಿಸಿ ಕೇಳಿ, ವಾಯಿದೆ ಮೀರಿದ ಸಾಲವೆಷ್ಟು ಎಂದು ಪ್ರಶ್ನಿಸದವನು ಆ ಸಂಘದಲ್ಲಿ ದೊಡ್ಡ ಠೇವಣಿಯನ್ನು ಇಡಕೂಡದು.

(ಈ) ಚೀಟಿ. 1982 ರ ಚಿಟ್ ಫಂಡ್ ಕಾಯಿದೆಯಂತೆ ನೋಂದಾಯಿಸಿದ ಚೀಟಿಯಲ್ಲಿ, ನಡೆಸುವವನು ಚೀಟಿಯ ಮೊತ್ತದಷ್ಟು ಭದ್ರತೆಯನ್ನು ಮೊದಲೇ ಇಡಬೇಕು, ಕರಾರು ಬರಹದಲ್ಲಿರಬೇಕು. ರಾಜ್ಯ ಸರ್ಕಾರದ ಮೈಸೂರು ಸೇಲ್ಸ್ ಇಂಟರ್‌ನ್ಯಾಷನಲ್ ಸಂಸ್ಥೆಯೂ ಇಂಥ ಚೀಟಿಗಳನ್ನು ನಡೆಸುತ್ತದೆ. ಬರಹವಿಲ್ಲದೆ ಬಾಯಿಮಾತಿನ ಮೇಲೆ ನಡೆಯುವ ಚೀಟಿಯಲ್ಲಿ ನಡೆಸುವವನ ಪ್ರಾಮಾಣಿಕತೆಯ ಹೊರತು ಬೇರೆ ಭದ್ರತೆಯಿಲ್ಲ. ಅವನು ಪ್ರಾಮಾಣಿಕನೇ ಆಗಿದ್ದರೂ, ಮೊದಲೇ ಹಣ ಎತ್ತಿಕೊಂಡ ಇಬ್ಬರು ಕಂತು ನಿಲ್ಲಿಸಿದರೆ ಎಲ್ಲರ ಹಣವೂ ಕೆಡುವುದು.

(ಉ) ಚಿನ್ನದ ಕಂತು. ಅಂಗಡಿಗಳಲ್ಲಿ ತಿಂಗಳು ತಿಂಗಳು ಕಂತು ಕಟ್ಟಿ ವರ್ಷದ ಕೊನೆಯಲ್ಲಿ ಒಡವೆ ಕೊಳ್ಳುವ ಪದ್ಧತಿಯುಂಟು. ಈ ಹಣಕ್ಕೂ ವಿಮೆಯಿಲ್ಲ. ಅಂಗಡಿ ಮುಚ್ಚಿದರೆ ಕಂತು ಕಟ್ಟಿದವನು ಸಾಲಗಾರರ ಸಾಲಿನಲ್ಲಿ ನಿಲ್ಲಬೇಕು. ಒಡವೆಯನ್ನು ಕೊಳ್ಳುವಾಗ ಹಾಲ್‌ಮಾರ್ಕ್ ಗುರುತಿನೊಡನೆ ಆರು ಅಕ್ಷರಾಂಕಗಳ ಸಂಖ್ಯೆ ಇದೆಯೇ ಎಂದು ನೋಡಿ, ಬಿಲ್ಲನ್ನು ಪಡೆಯತಕ್ಕದ್ದು.

(ಊ) ಖಾಸಗಿ ಕಂಪನಿ ಮತ್ತು ವ್ಯಕ್ತಿಗಳು. "ನಮ್ಮ ಕಂಪನಿ ಸರ್ಕಾರದಲ್ಲಿ ನೋಂದಣಿಯಾಗಿದೆ" ಎಂದು ಏಜೆಂಟನು ಮುದ್ರೆಯುಳ್ಳ ಕಾಗದವನ್ನು ತೋರಿಸುವನು. ಕಂಪನಿಯ ನೋಂದಣಿ ಪತ್ರವಾಗಲಿ, ಪಾನ್ ಸಂಖ್ಯೆಯಾಗಲಿ, ಜಿ.ಎಸ್.ಟಿ. ಸಂಖ್ಯೆಯಾಗಲಿ ಜನರಿಂದ ಠೇವಣಿ ಎತ್ತುವುದಕ್ಕೆ ಅನುಮತಿಯಲ್ಲ. ರಿಜರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಹಣಕಾಸು ಕಂಪನಿಗಳಲ್ಲಿಯೂ ಕೆಲವಕ್ಕೆ ಮಾತ್ರ ಠೇವಣಿ ಪಡೆಯುವ ಅಧಿಕಾರವಿದೆ. ಅವು ಸಹ ವರ್ಷಕ್ಕೆ ಶೇಕಡಾ 12.5 ಕ್ಕಿಂತ ಹೆಚ್ಚು ಬಡ್ಡಿ ಕೊಡಕೂಡದು. ಅವುಗಳ ಠೇವಣಿಗೂ ವಿಮೆಯಿಲ್ಲ. ಆದಕಾರಣ ಇದಕ್ಕಿಂತ ಹೆಚ್ಚು ಬಡ್ಡಿಯ ಮಾತು ಕೇಳಿದೊಡನೆಯೇ ಎಚ್ಚರಗೊಳ್ಳಬೇಕು.

3. ಬಡ್ಡಿಯ ಲೆಕ್ಕವನ್ನು ಮನಸ್ಸಿನಲ್ಲಿಯೇ ಮಾಡುವ ರೀತಿ

72 ನ್ನು ವರ್ಷದ ಬಡ್ಡಿಯ ದರದಿಂದ ಭಾಗಿಸಿದರೆ, ಚಕ್ರಬಡ್ಡಿಯಲ್ಲಿ ಹಣವು ಸುಮಾರು ಎಷ್ಟು ವರ್ಷಕ್ಕೆ ಇಮ್ಮಡಿಯಾಗುವುದೆಂಬುದು ತಿಳಿಯುತ್ತದೆ. ಶೇಕಡಾ 6 ಆದರೆ 12 ವರ್ಷ, ಶೇಕಡಾ 7.5 ಆದರೆ 9.6 ವರ್ಷ, ಎಂದರೆ ಮೇಲೆ ಹೇಳಿದ 115 ತಿಂಗಳು. ನಮ್ಮ ಸೀಮೆಯಲ್ಲಿ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಎಂದು ಹೇಳುವ ಬಡ್ಡಿಯು ವರ್ಷಕ್ಕೆ ಶೇಕಡಾ 36 ಆಗುತ್ತದೆ. ಬಡ್ಡಿಗೆ ಬಡ್ಡಿ ಸೇರಿದರೆ ಅದು ಎರಡು ವರ್ಷದಲ್ಲಿ ಅಸಲನ್ನು ಇಮ್ಮಡಿ ಮಾಡುತ್ತದೆ.

ಈ ಲೆಕ್ಕವನ್ನು ತಿಳಿದವನು ಎರಡು ಕಡೆಗಳಲ್ಲಿ ಉಪಾಯ ಕಾಣುವನು. ಒಂದನೆಯದಾಗಿ, "ಎರಡು ವರ್ಷಕ್ಕೆ ಇಮ್ಮಡಿ" ಎನ್ನುವವನು ಶೇಕಡಾ 36 ರ ಲಾಭವನ್ನು ಎಲ್ಲಿಂದ ತರುವನೆಂದು ಕೇಳುವನು. ಎರಡನೆಯದಾಗಿ, ತನಗೇ ಅಂಥ ಸಾಲವಿದ್ದರೆ ಅದನ್ನು ತೀರಿಸುವುದಕ್ಕಿಂತ ಲಾಭದ ಹೂಡಿಕೆ ಬೇರೊಂದಿಲ್ಲವೆಂದು ಅರಿಯುವನು. 50,000 ರೂಪಾಯಿ ಸಾಲಕ್ಕೆ ತಿಂಗಳಿಗೆ ನೂರಕ್ಕೆ ಮೂರರಂತೆ ವರ್ಷಕ್ಕೆ 18,000 ರೂಪಾಯಿ ಬಡ್ಡಿ ಹೋಗುವುದು. ಅದೇ 50,000 ರೂಪಾಯಿಯನ್ನು ಶೇಕಡಾ 7 ರಂತೆ ಠೇವಣಿಯಿಟ್ಟರೆ ಬರುವುದು 3,500 ರೂಪಾಯಿ. ಸಾಲವನ್ನು ಇಟ್ಟುಕೊಂಡು ಠೇವಣಿಯನ್ನೂ ಇಟ್ಟವನು ವರ್ಷಕ್ಕೆ 14,500 ರೂಪಾಯಿಗಳನ್ನು ಕಳೆದುಕೊಂಡಂತಾಯಿತು.

4. ಮೋಸದ ಯೋಜನೆಗಳು ನಡೆಯುವ ಬಗೆ

"ನೆರೆಯವನಿಗೆ ಒಂದು ವರ್ಷದಿಂದ ತಪ್ಪದೆ ಬಡ್ಡಿ ಬರುತ್ತಿದೆ; ಮೋಸವಾಗಿದ್ದರೆ ಬರುತ್ತಿತ್ತೇ?" ಎಂಬುದು ಗ್ರಾಮಗಳಲ್ಲಿ ಸಾಧಾರಣವಾಗಿ ಕೇಳಿಬರುವ ಮಾತು. ಇದಕ್ಕೆ ಉತ್ತರವನ್ನು ಲೆಕ್ಕದಿಂದಲೇ ಕೊಡಬಹುದು.

ಒಬ್ಬನು 10 ಜನರಿಂದ ತಲಾ 1 ಲಕ್ಷದಂತೆ 10 ಲಕ್ಷ ಸಂಗ್ರಹಿಸಿ, ಪ್ರತಿಯೊಬ್ಬನಿಗೂ ತಿಂಗಳಿಗೆ 5,000 ರೂಪಾಯಿ ಕೊಡುವುದಾಗಿ ಹೇಳಿದನೆಂದು ಇಟ್ಟುಕೊಳ್ಳೋಣ. ಅವನು ಯಾವ ವ್ಯಾಪಾರವನ್ನೂ ಮಾಡುವುದಿಲ್ಲ. ತಿಂಗಳಿಗೆ 50,000 ರೂಪಾಯಿ ಹಂಚಿದರೂ 10 ಲಕ್ಷವು ಮುಗಿಯುವುದಕ್ಕೆ 20 ತಿಂಗಳು ಬೇಕು. ತನ್ನ ಪಾಲಿಗೆಂದು ಮೊದಲೇ 3 ಲಕ್ಷ ತೆಗೆದಿಟ್ಟುಕೊಂಡರೂ 14 ತಿಂಗಳು ಸಾಗುವುದು. ಹೊಸಬನೊಬ್ಬನೂ ಸೇರದೆ ಇಷ್ಟು ಕಾಲ ನಡೆಯುವುದಾದರೆ, ಪ್ರತಿ ತಿಂಗಳೂ ಹೊಸಬರು ಸೇರುತ್ತಿರುವಲ್ಲಿ ಎಷ್ಟು ವರ್ಷ ನಡೆಯಬಹುದೆಂಬುದನ್ನು ಓದುವವರೇ ಊಹಿಸಬಹುದು. ಹೀಗೆ ಕೈಗೆ ಬರುವುದು ಬಡ್ಡಿಯಲ್ಲ, ತಮ್ಮದೇ ಅಸಲು. ಬಿತ್ತನೆಯ ಭತ್ತವನ್ನು ಕುಟ್ಟಿ ಅನ್ನ ಮಾಡಿ ಬಡಿಸಿ, ಇದು ಹೊಸ ಬೆಳೆಯ ಅನ್ನವೆಂದು ಹೇಳಿದಂತೆ ಇದು. ಆದುದರಿಂದ ಬಡ್ಡಿಯು ತಪ್ಪದೆ ಬಂದುದು ಪ್ರಾಮಾಣಿಕತೆಗೆ ಸಾಕ್ಷಿಯಾಗಲಾರದು.

ಇಂಥ ಯೋಜನೆಗಳು ರೈತರ ಬಳಿಗೆ ಬರುವಾಗ ಬೇಸಾಯದ ವೇಷವನ್ನೇ ಹಾಕಿಕೊಂಡು ಬರುತ್ತವೆ. ಮೂರು ನಿದರ್ಶನಗಳನ್ನು ಕೊಡುತ್ತೇವೆ.

ಮೊದಲನೆಯದು ತೇಗದ ತೋಪು. 1990 ರ ದಶಕದಲ್ಲಿ ಅನೇಕ ಕಂಪನಿಗಳು ತೇಗದ ಗಿಡಗಳ ಹೆಸರಿನಲ್ಲಿ ಹಣವೆತ್ತಿ, 20 ವರ್ಷದಲ್ಲಿ ಹಲವು ಪಟ್ಟು ಕೊಡುವುದಾಗಿ ಪ್ರಕಟಿಸಿದುವು. ಕಾಡಿನಲ್ಲಿ ಬಹುಕಾಲ ಬೆಳೆದ ಮರದ ಚೇಗಿಗೆ ಬರುವ ಬೆಲೆಯು, ತೋಟದಲ್ಲಿ ನೀರು ಕೊಟ್ಟು ಬೇಗನೆ ಬೆಳೆಸಿದ ಎಳೆಯ ಮರಕ್ಕೆ ಬಾರದೆಂಬುದು ಮರದ ವ್ಯಾಪಾರಿಗಳಿಗೆಲ್ಲಾ ಗೊತ್ತಿರುವ ವಿಷಯ. ಈ ಕಂಪನಿಗಳಲ್ಲಿ ಅನೇಕವು ಮುಳುಗಿದುವು. 1999 ರಲ್ಲಿ ಷೇರುಪೇಟೆಯ ನಿಯಂತ್ರಕವಾದ ಸೆಬಿಯು ಇಂಥ ಸಾಮೂಹಿಕ ಹೂಡಿಕೆಗಳಿಗೆ ನಿಯಮಗಳನ್ನು ಮಾಡಿತು.

ಎರಡನೆಯದು ಎಮು ಹಕ್ಕಿಯ ಸಾಕಣೆ. ಚಾಮರಾಜನಗರದ ಆಚೆಗೆ ಘಟ್ಟವಿಳಿದರೆ ಸಿಗುವ ಈರೋಡ್ ಜಿಲ್ಲೆಯ ಪೆರುಂದುರೈಯಲ್ಲಿ ಸುಸಿ ಎಮು ಫಾರ್ಮ್ಸ್ ಎಂಬ ಕಂಪನಿಯಿದ್ದಿತು. ಒಂದೂವರೆ ಲಕ್ಷ ರೂಪಾಯಿ ಠೇವಣಿ ಕಟ್ಟಿದವರಿಗೆ ಎಮು ಮರಿಗಳನ್ನೂ, ಮೇವನ್ನೂ, ತಿಂಗಳಿಗೆ 6,000 ರೂಪಾಯಿಯನ್ನೂ ಕೊಡುವುದಾಗಿ ಅದು ಹೇಳಿತು. ತಿಂಗಳಿಗೆ 6,000 ಎಂದರೆ ವರ್ಷಕ್ಕೆ 72,000. ಒಂದೂವರೆ ಲಕ್ಷದ ಮೇಲೆ ಶೇಕಡಾ 48. ಮೇವಿನ ಖರ್ಚು ಬೇರೆ. ಇಷ್ಟನ್ನು ಸಂಪಾದಿಸಬೇಕಾದರೆ ಆ ಹಕ್ಕಿಯ ಮಾಂಸಕ್ಕೋ ಎಣ್ಣೆಗೋ ದೊಡ್ಡ ಪೇಟೆ ಇರಬೇಕು. ಅಂಥ ಪೇಟೆ ಎಲ್ಲಿಯೂ ಇರಲಿಲ್ಲ. ಮರಿಗಳನ್ನು ಕೊಳ್ಳುವವನು ಮುಂದಿನ ಠೇವಣಿದಾರನೇ ಆಗಿದ್ದನು. 2012 ರ ಆಗಸ್ಟಿನಲ್ಲಿ ಕಂಪನಿಯು ಬಿದ್ದುಹೋಯಿತು. ರೈತರ ಹಣ ಹೋದುದಲ್ಲದೆ ಹಕ್ಕಿಗಳಿಗೆ ಮೇವೂ ಇಲ್ಲದಂತಾಯಿತು. ಯಾವ ಹೊಸ ಬೆಳೆಯನ್ನಾಗಲಿ ಪಶುಪಕ್ಷಿಯನ್ನಾಗಲಿ ಯಾರಾದರೂ ತಂದಾಗ, "ಇದನ್ನು ತಿನ್ನುವವರು, ಉಡುವವರು, ಉಪಯೋಗಿಸುವವರು ಯಾರು? ಅವರು ಯಾವ ಪೇಟೆಯಲ್ಲಿ ಕೊಳ್ಳುತ್ತಾರೆ?" ಎಂದು ಕೇಳುವುದು ರೈತನ ಧರ್ಮ. ಕಂಪನಿಯೊಂದೇ ಕೊಳ್ಳುವವನು ಎಂದು ಉತ್ತರ ಬಂದರೆ ಅಲ್ಲಿಗೇ ನಿಲ್ಲಿಸಬೇಕು.

ಮೂರನೆಯದು ಜಮೀನಿನ ಹೆಸರಿನ ಯೋಜನೆ. ಪರ್ಲ್ಸ್ ಎಂದು ಹಳ್ಳಿಗಳಲ್ಲಿ ಪ್ರಸಿದ್ಧವಾಗಿದ್ದ ಪಿ.ಎ.ಸಿ.ಎಲ್. ಕಂಪನಿಯು ಕೃಷಿ ಜಮೀನನ್ನು ಕೊಂಡು ಅಭಿವೃದ್ಧಿಪಡಿಸಿ ಕೊಡುವುದಾಗಿ ಕಂತುಗಳಲ್ಲಿ ಹಣವೆತ್ತಿತು. 2014 ರ ಆಗಸ್ಟಿನಲ್ಲಿ ಸೆಬಿಯು ನೀಡಿದ ಆಜ್ಞೆಯಲ್ಲಿ, ಕಂಪನಿಯು ಸುಮಾರು 5.85 ಕೋಟಿ ಜನರಿಂದ 49,100 ಕೋಟಿ ರೂಪಾಯಿ ಎತ್ತಿದ್ದಿತೆಂದು ತಿಳಿದುಬಂದಿತು. 2016 ರಲ್ಲಿ ಸುಪ್ರೀಂ ಕೋರ್ಟು ಜಸ್ಟಿಸ್ ಲೋಧಾ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿತು. ಆ ಸಮಿತಿಯು ಸಣ್ಣ ಮೊತ್ತದವರಿಂದ ಆರಂಭಿಸಿ ಹಂತಹಂತವಾಗಿ ಹಣವನ್ನು ಹಿಂದಿರುಗಿಸುವ ಕೆಲಸವನ್ನು ಕೈಗೊಂಡಿತು. ಸರ್ವೆ ನಂಬರು, ಪಹಣಿ, ಕ್ರಯಪತ್ರ ಇಲ್ಲದ ಜಮೀನು ಜಮೀನೇ ಅಲ್ಲವೆಂದು ತಿಳಿದ ರೈತರು ಸಹ, ಕಂಪನಿಯ ರಸೀತಿಯನ್ನೇ ಜಮೀನೆಂದು ನಂಬಿದುದು ಶೋಚನೀಯ.

ಪಟ್ಟಣವಾಸಿಗಳೂ ಇದಕ್ಕೆ ಹೊರತಲ್ಲ. ಬೆಂಗಳೂರಿನ ಐ.ಎಂ.ಎ. ಎಂಬ ಸಂಸ್ಥೆಯು ಠೇವಣಿಯೆನ್ನದೆ, ಹಣ ಕೊಟ್ಟವರನ್ನು ಪಾಲುದಾರರೆಂದು ಕರೆದು ಲಾಭಾಂಶದ ಹೆಸರಿನಲ್ಲಿ ಹಣ ಹಂಚುತ್ತಿತ್ತು. 2019 ರ ಜೂನಿನಲ್ಲಿ ಅದರ ಯಜಮಾನನು ದೇಶ ಬಿಟ್ಟುಹೋದನು. ಹೆಸರು ಬದಲಾದ ಮಾತ್ರಕ್ಕೆ ವಸ್ತು ಬದಲಾಗದು.

5. ಹಣವನ್ನು ವಿನಿಯೋಗಿಸತಕ್ಕ ಕ್ರಮ

ಬೆಳೆ ಮಾರಿದ ಹಣ ಕೈಗೆ ಬಂದಾಗ ಈ ಕೆಳಗಿನ ಅನುಕ್ರಮವನ್ನು ಪಾಲಿಸಬಹುದು. ನಾಲೆಯ ನೀರು ಮೇಲಣ ಗದ್ದೆ ತುಂಬಿದ ಬಳಿಕ ಕೆಳಗಣ ಗದ್ದೆಗೆ ಹರಿಯುವಂತೆ, ಮೊದಲನೆಯದು ಪೂರ್ತಿಯಾದ ಬಳಿಕವೇ ಎರಡನೆಯದಕ್ಕೆ ಹೋಗಬೇಕು.

ಮೊದಲನೆಯದಾಗಿ, ಮುಂದಿನ ಬೆಳೆಯ ಬೀಜ, ಗೊಬ್ಬರ, ಕೂಲಿಗಳ ಹಣವನ್ನು ಉಳಿತಾಯ ಖಾತೆಯಲ್ಲಿಯೇ ಬಿಡಬೇಕು. ಇದಕ್ಕೆ ಬಡ್ಡಿ ಕಡಮೆಯಾದರೂ ಚಿಂತೆಯಿಲ್ಲ. ಸಮಯಕ್ಕೆ ಸಿಗುವುದೇ ಅದರ ಲಾಭ.

ಎರಡನೆಯದಾಗಿ, ದುಬಾರಿ ಸಾಲವನ್ನು ತೀರಿಸಬೇಕು. 2025 ರ ಜನವರಿಯಲ್ಲಿ ನಮ್ಮ ನಂಜನಗೂಡು ತಾಲ್ಲೂಕಿನ ಕೆಲವು ಗ್ರಾಮಗಳಲ್ಲಿ ಕಿರುಸಾಲದ ವಸೂಲಿಗೆ ಹೆದರಿ ಸಂಸಾರಗಳು ಮನೆಗಳನ್ನು ಬಿಟ್ಟುಹೋದ ಸಂಗತಿಯು ಪತ್ರಿಕೆಗಳಲ್ಲಿ ಬಂದುದು ಎಲ್ಲರಿಗೂ ನೆನಪಿರಬಹುದು. ಆ ಬಳಿಕ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರವು ಬಲಾತ್ಕಾರದ ವಸೂಲಿಯನ್ನು ತಡೆಯುವ ಸುಗ್ರೀವಾಜ್ಞೆಯನ್ನು ಹೊರಡಿಸಿತು. ಕಾನೂನಿನ ರಕ್ಷಣೆ ಇದ್ದರೂ ಒಂದು ಸಾಲಕ್ಕೆ ಇನ್ನೊಂದು ಸಾಲ ಮಾಡುವವನನ್ನು ಯಾವ ಕಾನೂನೂ ಪೂರ್ಣವಾಗಿ ಕಾಯಲಾರದು. ಸಹಕಾರ ಸಂಘದ ಮೂಲಕ ದೊರೆಯುವ ಬಡ್ಡಿಯಿಲ್ಲದ ಅಲ್ಪಾವಧಿ ಬೆಳೆಸಾಲದ ಮಿತಿಯನ್ನು ರಾಜ್ಯ ಸರ್ಕಾರವು 2023 ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ವಾಯಿದೆಯೊಳಗೆ ಕಟ್ಟಿದವರಿಗೆ ಮಾತ್ರ ಈ ರಿಯಾಯಿತಿಯಾದುದರಿಂದ ವಾಯಿದೆಯ ದಿನವನ್ನು ಗೋಡೆಯ ಪಂಚಾಂಗದಲ್ಲಿ ಗುರುತಿಸಿಡುವುದು ಒಳ್ಳೆಯದು.

ಮೂರನೆಯದಾಗಿ, ಆಪತ್ತಿಗೆ ರಕ್ಷಣೆ. ಆರು ತಿಂಗಳ ಮನೆಯ ಖರ್ಚನ್ನು ಬ್ಯಾಂಕಿನಲ್ಲಿ ಪ್ರತ್ಯೇಕವಾಗಿ ಇಡಬೇಕು. 2016 ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ರೈತನು ಕಟ್ಟತಕ್ಕ ಕಂತು ಮುಂಗಾರಿನ ಆಹಾರ ಬೆಳೆಗೆ ವಿಮಾ ಮೊತ್ತದ ಶೇಕಡಾ 2, ಹಿಂಗಾರಿಗೆ ಶೇಕಡಾ 1.5, ವಾಣಿಜ್ಯ ಮತ್ತು ತೋಟದ ಬೆಳೆಗೆ ಶೇಕಡಾ 5 ಕ್ಕೆ ಮೀರದು. ಬ್ಯಾಂಕಿನ ಖಾತೆಯುಳ್ಳವರು 2022 ರಲ್ಲಿ ಗೊತ್ತುಮಾಡಿದಂತೆ ವರ್ಷಕ್ಕೆ 20 ರೂಪಾಯಿಗೆ 2 ಲಕ್ಷದ ಅಪಘಾತ ವಿಮೆಯನ್ನೂ, 436 ರೂಪಾಯಿಗೆ 2 ಲಕ್ಷದ ಜೀವವಿಮೆಯನ್ನೂ ಪಡೆಯಬಹುದು. ಜೀವವಿಮೆಗೆ ಸೇರುವವರ ವಯಸ್ಸು 18 ರಿಂದ 50 ರೊಳಗೆ ಇರಬೇಕು. ಇಲ್ಲೊಂದು ಎಚ್ಚರಿಕೆ: ಠೇವಣಿ ಇಡಲು ಹೋದವರಿಗೆ "ಇದೂ ಠೇವಣಿಯಂತೆಯೇ" ಎಂದು ಹೇಳಿ ಪ್ರತಿವರ್ಷ ಕಂತು ಕಟ್ಟಬೇಕಾದ ವಿಮಾ ಪತ್ರವನ್ನು ಕೆಲವರು ಕೊಡುತ್ತಾರೆ. ಪತ್ರ ಕೈಸೇರಿದ ದಿನದಿಂದ 30 ದಿನದೊಳಗೆ ಅದನ್ನು ಹಿಂದಿರುಗಿಸಿ, ಸಣ್ಣ ಕಡಿತಗಳನ್ನುಳಿದು ಹಣವನ್ನು ವಾಪಸು ಪಡೆಯುವ ಹಕ್ಕು ಕೊಂಡವನಿಗೆ ಉಂಟು. ಪತ್ರವನ್ನು ಓದುಬಲ್ಲವರಿಂದ ಅಂದೇ ಓದಿಸತಕ್ಕದ್ದು.

ನಾಲ್ಕನೆಯದಾಗಿ, ಮಕ್ಕಳ ವಿದ್ಯೆ, ಮದುವೆ, ವೃದ್ಧಾಪ್ಯಗಳಿಗಾಗಿ ಅಂಚೆ ಕಚೇರಿಯಲ್ಲಿಯೂ ಬ್ಯಾಂಕಿನಲ್ಲಿಯೂ ದೀರ್ಘಾವಧಿಯ ಠೇವಣಿ.

ಐದನೆಯದಾಗಿ, ಇಷ್ಟೆಲ್ಲಾ ಆದಮೇಲೂ ಉಳಿದ ಹಣವನ್ನು, ಏಳೆಂಟು ವರ್ಷ ಬೇಕಾಗದೆಂಬ ಖಚಿತವಿದ್ದಲ್ಲಿ ಮಾತ್ರ, ಸೆಬಿಯಲ್ಲಿ ನೋಂದಾಯಿಸಿದ ಮ್ಯೂಚುಯಲ್ ಫಂಡುಗಳಲ್ಲಿ ಹಾಕಬಹುದು. ಇದರ ಬೆಲೆಯು ಮಳೆಯಂತೆ ಒಂದು ವರ್ಷ ಏರುವುದು, ಒಂದು ವರ್ಷ ಇಳಿಯುವುದು. ಇಳಿದ ವರ್ಷ ಮಾರಬೇಕಾದ ಅಗತ್ಯ ಬಾರದವನಿಗೆ ಮಾತ್ರ ಇದು ತಕ್ಕದ್ದು. ಷೇರುಪೇಟೆಯಿಂದ ತಿಂಗಳಿಗೆ ಇಷ್ಟೇ ಲಾಭ ಖಂಡಿತವೆಂದು ಯಾವನಾದರೂ ಹೇಳಿದರೆ, ಆ ಮಾತೇ ಅವನ ಮೋಸಕ್ಕೆ ಸಾಕ್ಷಿ.

ಎಲ್ಲ ಖಾತೆಗಳಿಗೂ ನಾಮನಿರ್ದೇಶನ ಮಾಡಿಸಿ, ಪಾಸ್‌ಬುಕ್ಕುಗಳೂ ಪತ್ರಗಳೂ ಎಲ್ಲಿವೆ ಎಂಬುದನ್ನು ಮನೆಯ ಹೆಂಗಸರಿಗೂ ತಿಳಿಸಿಡುವುದು ಅವಶ್ಯಕ. ಯಜಮಾನನು ಕಾಲವಾದ ಮೇಲೆ ಪತ್ರವಿಲ್ಲದೆ ಅಲೆದಾಡುವವರು ಅವರೇ.

6. ಗ್ರಾಮದ ಯಜಮಾನರ ಹೊಣೆ

ಏಜೆಂಟನು ಹಳ್ಳಿಗೆ ಬಂದಾಗ ಬಡವನ ಮನೆಗೆ ಮೊದಲು ಹೋಗುವುದಿಲ್ಲ. ಯಜಮಾನರ ಜಗುಲಿಗೆ ಬಂದು, ಅವರಿಂದ ಒಂದು ಸಣ್ಣ ಮೊತ್ತವನ್ನು ಪಡೆದು, ಅದಕ್ಕೆ ತಪ್ಪದೆ ಬಡ್ಡಿ ತಂದುಕೊಡುವನು. ಆಮೇಲೆ "ಯಜಮಾನರೇ ಇಟ್ಟಿದ್ದಾರೆ" ಎಂಬ ಒಂದು ಮಾತಿನಿಂದ ಊರೆಲ್ಲಾ ಅವನಿಗೆ ವಶವಾಗುವುದು. ಹೀಗೆ ಯಜಮಾನರು ಇಟ್ಟದ್ದು ಹತ್ತು ಸಾವಿರವಾದರೂ ಅವರ ಹೆಸರಿನ ಮೇಲೆ ಹೋಗುವುದು ಊರಿನ ಹತ್ತು ಲಕ್ಷ. ಯೋಜನೆ ಮುಳುಗಿದ ದಿನ ಏಜೆಂಟನು ಕಾಣಸಿಗುವುದಿಲ್ಲ. ಜನರು ಬಂದು ನಿಲ್ಲುವುದು ಯಜಮಾನರ ಬಾಗಿಲಿನಲ್ಲಿ.

ಇದು ಕೇವಲ ಮರ್ಯಾದೆಯ ಪ್ರಶ್ನೆಯಲ್ಲ. ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸುವ 2019 ರ ಕೇಂದ್ರ ಕಾಯಿದೆಯಂತೆ, ಅಂಥ ಯೋಜನೆಯನ್ನು ನಡೆಸುವುದು ಮಾತ್ರವಲ್ಲದೆ ಅದಕ್ಕೆ ಜನರನ್ನು ಆಹ್ವಾನಿಸುವುದೂ ಅಪರಾಧ. ಆಹ್ವಾನಿಸಿದವನಿಗೆ 1 ರಿಂದ 5 ವರ್ಷದವರೆಗೆ ಸೆರೆಯೂ, 2 ಲಕ್ಷದಿಂದ 10 ಲಕ್ಷದವರೆಗೆ ದಂಡವೂ ಇದೆ. ತಲೆಗಿಷ್ಟೆಂದು ಕಮಿಷನ್ ಪಡೆದು ನೆರೆಹೊರೆಯವರನ್ನು ಸೇರಿಸುವವರು ಇದನ್ನು ಮರೆಯಕೂಡದು.

ಆದಕಾರಣ, ಹೊಸ ಯೋಜನೆಯೊಂದು ಊರಿಗೆ ಬಂದಾಗ ಯಜಮಾನರು ಹತ್ತು ಜನರ ಎದುರಿನಲ್ಲಿ ಏಜೆಂಟನಿಗೆ ಈ ನಾಲ್ಕು ಪ್ರಶ್ನೆಗಳನ್ನು ಹಾಕತಕ್ಕದ್ದು: ಹಣವೆತ್ತಲು ರಿಜರ್ವ್ ಬ್ಯಾಂಕು, ಸೆಬಿ ಅಥವಾ ಸರ್ಕಾರದ ಯಾವ ಇಲಾಖೆಯು ಅನುಮತಿ ಕೊಟ್ಟಿದೆ? ಬಡ್ಡಿಯು ಯಾವ ವ್ಯಾಪಾರದಿಂದ ಬರುತ್ತದೆ? ನಡುವೆ ಹಣ ಬೇಕಾದರೆ ಎಷ್ಟು ದಿನದಲ್ಲಿ ಸಿಗುತ್ತದೆ? ಕಂಪನಿ ಮುಳುಗಿದರೆ ಯಾರು ಕೊಡುತ್ತಾರೆ? ಉತ್ತರವನ್ನು ಬರಹದಲ್ಲಿ ಪಡೆದು, ಒಂದು ವಾರದ ಕಾಲಾವಕಾಶ ಕೇಳಬೇಕು. "ಇಂದೇ ಸೇರಬೇಕು, ನಾಳೆ ಸಿಗದು" ಎನ್ನುವವನನ್ನು ಅಂದೇ ಕಳುಹಿಸಿಬಿಡಬೇಕು. ಆ ವಾರದೊಳಗೆ ಓದುಬಲ್ಲ ಹುಡುಗರಿಂದ ರಿಜರ್ವ್ ಬ್ಯಾಂಕಿನ "ಸಚೇತ್" ಎಂಬ ಜಾಲತಾಣದಲ್ಲಿ ಕಂಪನಿಯ ಹೆಸರನ್ನು ನೋಡಿಸಬಹುದು. ನಂಜನಗೂಡಿನ ಯಾವುದಾದರೂ ಬ್ಯಾಂಕಿನ ಮ್ಯಾನೇಜರನ್ನು ವಿಚಾರಿಸಬಹುದು.

7. ಮೋಸವಾದಾಗ ಮಾಡತಕ್ಕದ್ದು

ನಾಚಿಕೆಯಿಂದ ಸುಮ್ಮನಿರುವುದೇ ಮೋಸಗಾರನಿಗೆ ದೊಡ್ಡ ಸಹಾಯ. ತಡಮಾಡಿದಷ್ಟೂ ಹಣವು ಕೈಯಿಂದ ಕೈಗೆ ದಾಟಿಹೋಗುತ್ತದೆ.

ಫೋನಿನ ಮೂಲಕ ಖಾತೆಯಿಂದ ಹಣ ಹೋದರೆ ಕೂಡಲೇ 1930 ಎಂಬ ಸಂಖ್ಯೆಗೆ ಕರೆಮಾಡಿ, ಬ್ಯಾಂಕಿಗೂ ತಿಳಿಸಬೇಕು. ಓ.ಟಿ.ಪಿ. ಸಂಖ್ಯೆಯನ್ನು ಯಾವ ಬ್ಯಾಂಕಿನವನೂ ಕೇಳುವುದಿಲ್ಲ, ಕೇಳಿದವನು ಬ್ಯಾಂಕಿನವನಲ್ಲ. ಬ್ಯಾಂಕಿನ ಸೇವೆಯಲ್ಲಿ ದೋಷವಿದ್ದರೆ ಮೊದಲು ಬ್ಯಾಂಕಿಗೆ ಬರಹದಲ್ಲಿ ದೂರು ಕೊಟ್ಟು, 30 ದಿನದಲ್ಲಿ ತೃಪ್ತಿಕರವಾದ ಉತ್ತರ ಬಾರದಿದ್ದರೆ ರಿಜರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ನರಿಗೆ ಬರೆಯಬಹುದು; ವಿಚಾರಣೆಗೆ ಸಂಖ್ಯೆ 14448. ವಿಮೆಯ ದೂರಿಗೆ 155255. ಸರಕು ಸೇವೆಗಳಲ್ಲಿ ಮೋಸವಾದರೆ ಗ್ರಾಹಕರ ಸಹಾಯವಾಣಿ 1915. ಅದಲ್ಲದೆ 2019 ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಮೈಸೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು.

ಠೇವಣಿ ಎತ್ತಿದ ಸಂಸ್ಥೆಯು ಹಣ ಹಿಂದಿರುಗಿಸದೆ ಇದ್ದರೆ ಪೊಲೀಸರಿಗೆ ದೂರು ಕೊಡಬೇಕು. ಠೇವಣಿದಾರರ ಹಿತರಕ್ಷಣೆಗಾಗಿ ನಮ್ಮ ರಾಜ್ಯದಲ್ಲಿ 2004 ರ ಕಾಯಿದೆಯಿದೆ. ಅದರಂತೆ ಸಂಸ್ಥೆಯ ಆಸ್ತಿಯನ್ನು ಜಪ್ತಿಮಾಡಿ, ವಿಶೇಷ ನ್ಯಾಯಾಲಯದ ಮೂಲಕ ಠೇವಣಿದಾರರಿಗೆ ಹಂಚಲು ಅವಕಾಶವುಂಟು. ಹತ್ತು ಜನ ಬೇರೆ ಬೇರೆಯಾಗಿ ಅಲೆಯುವುದಕ್ಕಿಂತ ಊರಿನವರೆಲ್ಲಾ ಒಂದು ಪಟ್ಟಿ ಮಾಡಿ, ಹೆಸರು, ದಿನಾಂಕ, ಮೊತ್ತ, ರಸೀತಿಯ ಸಂಖ್ಯೆಗಳನ್ನು ಬರೆದು ಒಟ್ಟಾಗಿ ಹೋಗುವುದು ಮೇಲು. ಮೂಲ ರಸೀತಿಯನ್ನು ಯಾರ ಕೈಗೂ ಸ್ವೀಕೃತಿ ಪಡೆಯದೆ ಕೊಡಕೂಡದು. "ಹಣ ಬಿಡಿಸಿಕೊಡುತ್ತೇನೆ, ಮೊದಲು ಖರ್ಚಿಗೆ ಕೊಡಿ" ಎಂದು ಬರುವವನು ಎರಡನೆಯ ಮೋಸಗಾರ.

ಉಪಸಂಹಾರ

ಮೇಲೆ ಹೇಳಿದುದರಲ್ಲಿ ಹೊಸದಾಗಿ ಕಲಿಯಬೇಕಾದುದು ಹೆಚ್ಚೇನೂ ಇಲ್ಲ. ಬೀಜವನ್ನು ಪರೀಕ್ಷಿಸುವ ಕಣ್ಣು, ಎತ್ತಿನ ಹಲ್ಲನ್ನು ನೋಡುವ ಕೈ, ಪೇಟೆಯ ಧಾರಣೆಯನ್ನು ಲೆಕ್ಕಹಾಕುವ ಬುದ್ಧಿ ಇವು ನಮ್ಮ ರೈತರಲ್ಲಿ ಇದ್ದೇ ಇವೆ. ಅವುಗಳನ್ನೇ ಹಣದ ವಿಷಯದಲ್ಲಿಯೂ ಉಪಯೋಗಿಸಬೇಕಾಗಿದೆ. ಶೇಕಡಾ ಏಳರ ಬಡ್ಡಿಯು ಅಲ್ಪವೆಂದು ತೋರಬಹುದು. ಆದರೆ ಅಸಲು ಮನೆಯಲ್ಲಿ ಉಳಿದು, ಬಡ್ಡಿಯೂ ಬಂದು, ಮುಂದಿನ ಮಳೆಗೆ ಬೀಜಕ್ಕೆ ಹಣವಿರುವವನೇ ನಿಶ್ಚಿಂತನು.

ಗ್ರಾಮದ ಯಜಮಾನರು ಈ ಪತ್ರಿಕೆಯನ್ನು ಸುಗ್ಗಿಯ ಹಣ ಬರುವ ಮೊದಲೇ ಗ್ರಾಮಸಭೆಯಲ್ಲಿಯೂ, ಹಾಲಿನ ಸಂಘದಲ್ಲಿಯೂ, ಹೆಂಗಸರ ಸ್ವಸಹಾಯ ಗುಂಪುಗಳಲ್ಲಿಯೂ ಒಮ್ಮೆ ಓದಿಸಬೇಕೆಂದು ಕೋರಲಾಗಿದೆ.